ಗಾಳಿಯ ತಡೆಯನ್ನು ಕಡೆಗಣಿಸಿ

ಹಾಗೆಂದು ಬೋರ್ಡಿನ ಮೂಲೆಯಲ್ಲಿ ಬರೆದೇ
ಲೆಕ್ಕ ಶುರು ಮಾಡುವುದು ನನ್ನ ರೂಢಿ.
ಬಾಳೆಲೆ, ಫಸ್ಟ್ ಪಿಯು, ಆಗಸ್ಟ್ ತಿಂಗಳು.
ಹೊರಗೆ ಗಾಳಿ ಹೆಂಚನ್ನು ಎತ್ತಿ ಎತ್ತಿ ಇಡುತ್ತ
ತನ್ನ ಹೆಸರು ಯಾರೋ ಕರೆದಂತೆ ಒಳಗೆ ಇಣುಕುತ್ತಿತ್ತು.

ಕೋವಿಯಿಂದ ಅಡ್ಡಕ್ಕೆ ಹಾರಿದ ಗುಂಡು,
ಅದೇ ಎತ್ತರದಿಂದ, ಅದೇ ಗಳಿಗೆ, ಸುಮ್ಮನೆ ಕೈಬಿಟ್ಟ ಗುಂಡು:
ನೆಲಕ್ಕೆ ಮೊದಲು ಯಾವುದು?
ಕೈಬಿಟ್ಟದ್ದು ಮಿಸ್, ಅಂದಿತು ಇಡೀ ಕ್ಲಾಸು,
ಮನೆಯ ಗೋಡೆಯಲ್ಲಿ ಕೋವಿ ತೂಗುವ ಮಕ್ಕಳೂ ಸೇರಿ.
ಎರಡೂ ಒಟ್ಟಿಗೆ, ಅಂದೆ.
ಒಂದು ಇಲ್ಲೇ ಕಾಲಬುಡದಲ್ಲಿ,
ಇನ್ನೊಂದು ಗದ್ದೆ ದಾಟಿ ಆಚೆ ಏರಿಯಲ್ಲಿ.
ಎಷ್ಟು ದೂರ ಹೋಗಿಬಂದೆ ಎಂದು ಭೂಮಿ ಕೇಳುವುದಿಲ್ಲ,
ಎಷ್ಟು ಎತ್ತರದಲ್ಲಿದ್ದೆ, ಅಷ್ಟೆ.
ಯಾರೂ ನಂಬಲಿಲ್ಲ.

ಚೀಯಣ್ಣ ಮಾವನಿಗೆ ಇದು ಬೇರೆ ದಾರಿಯಲ್ಲಿ ಗೊತ್ತು.
ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು.
‘ನೂರಡಿಗೆ ಎರಡು ಬೆರಳು ಮೇಲೆ ಹಿಡಿ ಮೂಡೀ,
ನಳಿಕೆಯ ಬಾಯಿ ಬಿಟ್ಟ ಮೇಲೆ ಅದು ಬೀಳ್ತಾನೇ ಇರ್ತದೆ,
ನೇರ ಹೋಯ್ತು ಅನ್ನುವವ ಕೋವಿ ಮುಟ್ಟಿದವನಲ್ಲ.’
ಆ ರಾತ್ರಿ ಕಾಗದದಲ್ಲಿ ಮಾಡಿ ನೋಡಿದೆ:
ಮೂರು ಸೆಂಟಿಮೀಟರಿಗೆ ಚೂರು ಕಡಿಮೆ.
ಮಾವನ ಬೆರಳು ದಪ್ಪ. ಉತ್ತರ ಸರಿ.

ಇಪ್ಪತ್ತು ಮೀಟರಿಂದ ಬಿದ್ದ ತೆಂಗಿನಕಾಯಿಗೆ ಎರಡು ಸೆಕೆಂಡು
ಎಂದು ಬರೆದು ಗೆರೆ ಎಳೆಯುವಾಗ
ಕೊನೆಯ ಬೆಂಚಿನಿಂದ ಅಮ್ಮಿಣಿ ಎದ್ದಳು.
ನಲವತ್ತಡಿ ಆದರೆ, ಮಿಸ್?
ಒಂದೂವರೆ, ಸ್ವಲ್ಪ ಜಾಸ್ತಿ, ಅಂದೆ, ಖುಷಿಯಿಂದ.
ನಡುವೆ ಒಂದು ಕೊಂಬೆ ತಡೆದರೆ?
ಅದನ್ನು ಕಡೆಗಣಿಸಬೇಕು, ಅಂದೆ.
ಅವಳು ತಲೆಯಾಡಿಸಿ, ಬರೆದುಕೊಂಡು, ಕೂತಳು.

ಸ್ಟಾಫ್ ರೂಮಿನಲ್ಲಿ ಅಟೆಂಡರ್ ಹೇಳಿದ,
ಟೀ ಲೋಟ ಇಡುತ್ತ, ಏನೂ ಅಲ್ಲ ಎಂಬಂತೆ:
‘ಬೈಲಿನಾಚೆ ತೋಟದ ಲೈನ್‌ಮನೆ ಚಾತ ಇದ್ನಲ್ಲ ಮೇಡಂ, ಅವನ ಮಗಳು.
ಫೆಬ್ರುವರಿಯಲ್ಲಿ ಸಿಲ್ವರ್ ಓಕಿಂದ,
ಮೆಣಸಿನ ಏಣಿ ಸಮೇತ.’

ಆ ದಿನವನ್ನು ನೆನಪಿನಲ್ಲಿ ಹುಡುಕಿದೆ.
ನಮ್ಮಲ್ಲಿ ಗಂಡುಕೂಸು ಹುಟ್ಟಿದರೆ ಒಂದು ಗುಂಡು,
ಜೀವ ಹೋದರೆ ಎರಡು.
ಗುಡ್ಡದ ಆಚೆಯವರೂ ಕತ್ತಿ ಕೆಳಗಿಟ್ಟು ಹೊರಡುತ್ತಾರೆ.
ಫೆಬ್ರುವರಿಯಲ್ಲಿ ನನಗೆ ಕೇಳಿಸಿದ್ದು ಪಲ್ಪರ್ ಯಂತ್ರದ ಸದ್ದು, ಅಷ್ಟೆ.
ಲೈನ್‌ಮನೆಯಲ್ಲಿ ಕೋವಿ ಎಲ್ಲಿಯದು.

ಕೈಲ್‌ಪೊಳ್ದ್ ದಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು.
ಬೆಳಗಿನ ಪೂಜೆಯ ತೋಕ್‌ಪೂವಿನ ಒಂದು ಎಸಳು
ಮಾವನ ಜೋಡಿನಳಿಕೆಗೆ ಇನ್ನೂ ಅಂಟಿತ್ತು.
ಸಾರ್ವಜನಿಕ ವಿಭಾಗ, ಮೂರು ತೋಟೆ, ನೂರು ರೂಪಾಯಿ.
ಅಮ್ಮಿಣಿ ಚಿಲ್ಲರೆ ಎಣಿಸಿ ಕೊಟ್ಟಳು.
ಮಾವ ಅವಳ ಭುಜಕ್ಕೆ ಹಿಡಿ ಒತ್ತಿಸಿ
ಎರಡು ಬೆರಳು ತೋರಿಸಿದರು.
ಅವಳು ಎರಡು ಬೆರಳು ಏರಿಸಿದಳು. ಆಮೇಲೆ ಒಂದು ಗೇಣು.
ಆಮೇಲೆ ಕಾಯಿಯನ್ನೂ ಕಂಬವನ್ನೂ ಹಿಂದಿನ ಮಣ್ಣಿನ ದಿಬ್ಬವನ್ನೂ ಬಿಟ್ಟು
ಬರೀ ಮೋಡ.

ಢಂ.
ಉಸಿರು ಎಳೆಯುವಷ್ಟು ಬಿಡುವು.
ಢಂ.

ಶಾಮಿಯಾನದ ಕೆಳಗೆ ಹರಟುತ್ತಿದ್ದ ಮುದುಕರು
ಏಕೆಂದು ತಮಗೇ ತಿಳಿಯದೆ ಎದ್ದು ನಿಂತರು.
ಒಬ್ಬರು ಟೋಪಿ ತೆಗೆದರು.
ಯಾರ ಮನೆ? ಯಾರ ಮನೆ? ಎಂಬ ಮಾತು ಬಾಯಿಂದ ಬಾಯಿಗೆ ಹೋಯಿತು.

ತೀರ್ಪುಗಾರರು ಬರೆದುಕೊಂಡರು: ಎರಡೂ ತಪ್ಪು.
ಉಳಿದ ತೋಟೆಯನ್ನು ಅವಳು ನನ್ನ ಅಂಗೈಗೆ ಹಾಕಿ
ಭುಜ ಉಜ್ಜುತ್ತ ಸಾಲಿನಿಂದ ಹೊರನಡೆದಳು.
ನಾನು ಮಾತ್ರ, ಅಭ್ಯಾಸ ಬಿಡದ ಮೇಷ್ಟ್ರಮ್ಮ,
ಮೇಲೆ ಹೋದದ್ದು ಇಳಿಯುವ ಸದ್ದಿಗೆ
ಸೆಕೆಂಡು ಎಣಿಸುತ್ತ ನಿಂತೆ.
ಗಾಳಿ ಜೋರಾಗಿತ್ತು.
ಲೆಕ್ಕ ಹತ್ತಲಿಲ್ಲ.